ಮೊದಲ ಅಕ್ಷರಕ್ಕೆ ಮುನ್ನ

ಮಾನಸಗಂಗೋತ್ರಿಯ ನೆಲಮಾಳಿಗೆ. ಪಂಪು ಗುರುಗುಟ್ಟುತ್ತ
ಕೊಳವೆಯ ಗಾಳಿಯನ್ನೆಲ್ಲ ಹೀರಿ ಮುಗಿಸಿತು.
ಒಳಗೆ ಪಾಲಿಪ್ರೊಪಿಲೀನಿನ ಪೊರೆ,
ಅಂಗೈಯಗಲ, ಹಾಲುಬಿಳಿ, ಮಹಾ ಬಿಂಕದ್ದು:
ಹನಿ ಬಿಟ್ಟರೆ ಕೆಸುವಿನೆಲೆ.

ಚೂರೇ ಚೂರು ಅಮೋನಿಯಾ ಬಿಟ್ಟು ಗುಂಡಿ ಒತ್ತಿದೆ.
ಹೊತ್ತಿತು ಬೆಳಕು,
ನೇರಳೆಹಣ್ಣು ತಿಂದ ನಾಲಗೆಯ ಬಣ್ಣ.
ಎರಡು ನಿಮಿಷ.

ಕೇಸರೆಯ ಓಣಿಗಳಲ್ಲಿ ನಮ್ಮಜ್ಜಿ ಪುಟ್ಟಚೆನ್ನಮ್ಮ
ಉಳಿ ಸುತ್ತಿಗೆ ಹಿಡಿದು ಕೂಗುತ್ತಿದ್ದಳು:
'ಒಳ್ಕಲ್ಗೆ ಮುಳ್ಳಾಕಿಸ್ತೀರೇನ್ರವ್ವೋ...'
ನುಣ್ಣಗಾದ ಕಲ್ಲಿಗೆ ಅಕ್ಕಿ ಸಿಕ್ಕಲ್ಲ ಮಗಾ, ಜಾರ್ತದೆ.

ಗೈಡಿಗೆ ಹೇಳಿದೆ. ನಕ್ಕರು:
'ಮುಳ್ಳಲ್ಲ ಕಣಮ್ಮ, ಕೈ. ಅಮೀನಿನ ಕೈ.'
ಸರಿ, ಕೈ.

ಈಗ ಹನಿ ಬಿಟ್ಟೆ. ಗುಂಡಗೆ ನಿಲ್ಲಲಿಲ್ಲ,
ಚಾಪೆ ಸಿಕ್ಕಂತೆ ಮಲಗಿತು.
ಆದರೆ ಈ ಪೊರೆಗೆ ಮರೆವು ಜಾಸ್ತಿ.
ದಿನ ಕಳೆದರೆ ಚಾಚಿದ ಕೈ ಒಳಕ್ಕೆಳೆದುಕೊಂಡು
ಮತ್ತೆ ಅದೇ ಬಿಂಕ.

ನಾಲ್ಕೇ ಅಕ್ಷರದ ಭಾಷೆ,
ಬಾಲದಿಂದ ತಲೆಗೆ ಬರೆಯುವುದು.
ಇವತ್ತೇ ಕಟ್ಟಬೇಕು ಮೊದಲನೆಯದು, ಟಿ.
ಕೇಸರೆಯ ಕೊನೆಯ ಬಸ್ಸು ಹೋಯಿತು.

ಹೊಸ ಮುಳ್ಳಿನ ಕಲ್ಲಲ್ಲಿ ರುಬ್ಬಿದ ಮೊದಲ ಹಿಟ್ಟನ್ನು
ಅಜ್ಜಿ ಚೆಲ್ಲಿಸುತ್ತಿದ್ದಳು.
ನನ್ನ ಹತ್ತಿರ ಚೆಲ್ಲೋಕೆ
ಇನ್ನೊಂದು ಪೊರೆ ಇಲ್ಲ.