ಅಂಗಾಲಿಗೊಂದು ಕನ್ನಡಿ

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂತಾರೆ.
ಅಂಗಾಲಿನದಕ್ಕೆ ಬೇಕು, ಕರ್ತನೇ,
ಅದೂ ಬಗ್ಗಲಾರದ ಅರವತ್ತೆರಡಕ್ಕೆ.
ದೊಡ್ಡಪೇಟೆಯಲ್ಲಿ ನಲವತ್ತು ರೂಪಾಯಿಗೆ ತಂದೆ,
ಗಂಡಸರು ಗಡ್ಡ ಹೆರೆಯುವಾಗ ಹಿಡಿಯುವಂಥದು,
ಹಸಿರು ಚೌಕಟ್ಟು, ಬೆನ್ನಿಗೆ ಯಾವುದೋ ಹೂವು.
ಮೊಮ್ಮಗಳಿಗಾ, ಕೇಳಿದ ಅಂಗಡಿಯವ.
ಹೂಂ ಅಂದೆ. ಸುಳ್ಳು. ಅದನ್ನೂ ಕ್ಷಮಿಸು.

ಮೂವತ್ತೊಂದು ವರ್ಷ ಇದೇ ಕೋಲಾರದ ಆಸ್ಪತ್ರೆಯಲ್ಲಿ ಆಯಾ.
ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ,
ಆದರೂ ಕೇಳು.
ಬಾಣಂತಿಯರ ಬೆನ್ನು ಒರೆಸಿದೆ.
ಮಾವಿನ ಮರದಿಂದ ಬಿದ್ದು ಸೊಂಟ ಮುರಿದ
ಶ್ರೀನಿವಾಸಪುರದ ಹುಡುಗನನ್ನು
ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಿದೆ.
ಟೊಮೆಟೊ ಮಂಡಿಯ ಹಮಾಲಿ, ಯಾರೂ ಬಾರದವನು,
ಅವನಿಗೆ ಕೊನೆಯ ಸ್ನಾನ ಮಾಡಿಸಿ ಕ್ರಾಪು ಬಾಚಿದೆ.
ಎಲ್ಲರ ಮೈಯನ್ನೂ ನಿನ್ನದು ಅಂತಲೇ ಮುಟ್ಟಿದೆ,
ಬಿಸಿನೀರನ್ನು ಮೊದಲು ನನ್ನ ಮೊಣಕೈಗೆ ಸುರಿದುಕೊಂಡು.

ನನ್ನದನ್ನು ಮಾತ್ರ ಬಾಡಿಗೆ ಸೈಕಲ್ಲಿನ ಹಾಗೆ ತುಳಿದೆ.
ಬಾಡಿಗೆ ಸೈಕಲ್ಲಿಗೆ ಎಣ್ಣೆ ಬಿಡುವವರು ಯಾರು?

ಹೋದ ವರ್ಷ ಶ್ರಮೆಯ ದಿನಗಳಲ್ಲಿ
ಅಯ್ಯನೋರು ಪ್ರಸಂಗ ಮಾಡಿದರು,
ಮೈ ನಿಮ್ಮ ಸ್ವಂತ ಆಸ್ತಿಯಲ್ಲ,
ಬೆಲೆ ತೆತ್ತವನೊಬ್ಬ ಇದ್ದಾನೆ ಅಂತ.
ಬೀಡಿ ಅಂದರು, ಸಾರಾಯಿ ಅಂದರು, ಗುಟ್ಕಾ ಅಂದರು.
ಒಂದೊಂದು ಮಾತಿಗೂ ಸಭೆಯ ಅರ್ಧ ಕುತ್ತಿಗೆಗಳು
ಕೊನೆಯ ಬೆಂಚಿಗೆ, ಪೇಂಟರ್ ಯೇಸುಪಾದನ ಕಡೆಗೆ.
ಅವನು ಉಗುರಿನ ಸುಣ್ಣ ಕೆರೆಯುತ್ತಾ ಕೂತಿದ್ದ.
ನಾನೂ ತಿರುಗಿದೆ.

ನನ್ನ ಹೊಟ್ಟೆಯಲ್ಲಿ ಆಗ ಏನೂ ಇರಲಿಲ್ಲ.
ನಲವತ್ತು ದಿನದ ಉಪವಾಸದ ಇಪ್ಪತ್ತಾರನೆಯ ದಿನ,
ಸಕ್ಕರೆ ಕಾಯಿಲೆಯ ಮಾತ್ರೆಗೂ ರಜ.
ದೀನಮ್ಮನ ಭಕ್ತಿ ನೋಡಿ ಕಲೀಬೇಕು ಅಂತಿದ್ದರು ಎಲ್ಲ.
ಆ ಮಾತು, ನಿಜ ಹೇಳಲಾ,
ಹೋಳಿಗೆಗಿಂತ ಸಿಹಿಯಾಗಿತ್ತು.

ಎಡಗಾಲಿಗೆ ಜಾಲಿಮುಳ್ಳು ಹೊಕ್ಕು ಎಷ್ಟು ದಿನವಾಗಿತ್ತೋ.
ನೋವಿರಲಿಲ್ಲ. ನೋವಿಲ್ಲದ್ದೇ ಕೃಪೆ ಅಂದುಕೊಂಡೆ.
ಚರ್ಚಿನ ಬಾಗಿಲಲ್ಲಿ ಚಪ್ಪಲಿ ಹುಡುಕುವಾಗ
ವಾಸನೆ ಹಿಡಿದವನು ಯೇಸುಪಾದ.
ಬೀಡಿಯವನ ಮೂಗು ಸತ್ತಿರಬೇಕಿತ್ತು. ಸತ್ತಿರಲಿಲ್ಲ.
ಅಕ್ಕಾ, ಎಲ್ಲಿ, ಕಾಲು ತೋರ್ಸು.
ಪೇಂಟಿನ ಡಬ್ಬ ಮುಂದೆ, ನಾನು ಹಿಂದೆ,
ಅವನ ಹಳೇ ಲೂನಾ ಡೂಮ್‌ಲೈಟ್ ಸರ್ಕಲ್ಲು ದಾಟಿ
ನಾನು ಕೆಲಸ ಬಿಟ್ಟ ಆಸ್ಪತ್ರೆಗೇ ಹೋಗಿ ನಿಂತಿತು.

ಡಾಕ್ಟರು ಚಿಕ್ಕ ಹುಡುಗಿ. ಬಯ್ಯಲಿಲ್ಲ.
ನನ್ನ ಪಾದ ತನ್ನ ತೊಡೆಯ ಮೇಲಿಟ್ಟುಕೊಂಡಳು.
ಸೀರೆ ಎಳೆದುಕೊಂಡೆ, ಎಳೆದುಕೊಂಡೆ.
ಅಷ್ಟು ವರ್ಷ ಊರವರ ಕಾಲು ಹಿಡಿದವಳಿಗೆ
ಕಾಲು ಕೊಡುವುದು ಬರಲಿಲ್ಲ.
ಎರಡು ಬೆರಳು ಹೋದವು. ಪಾದ ಉಳಿಯಿತು.

ಇವತ್ತು ಪವಿತ್ರ ಗುರುವಾರ.
ಚರ್ಚಿನಲ್ಲಿ ಅಯ್ಯನೋರು ಹನ್ನೆರಡು ಗಂಡಸರ ಕಾಲು ತೊಳೆಯುತ್ತಾರೆ,
ಮನೆಯಲ್ಲೇ ಸೋಪು ಹಾಕಿ ತಿಕ್ಕಿ ತಂದ ಕಾಲುಗಳು.
ನಾನು ಹೋಗಲಿಲ್ಲ.
ಅರ್ಧ ಮುದ್ದೆ, ಹುರುಳಿ ಸಾರು ಉಂಡೆ,
ಮಾತ್ರೆ ನುಂಗಿದೆ, ತಪ್ಪದೆ, ಪ್ರಾರ್ಥನೆಯ ಹಾಗೆ.
ಅಂತರಗಂಗೆ ಬಂಡೆಗಳ ಕಾವು ಇನ್ನೂ ಗಾಳಿಯಲ್ಲಿದೆ.
ಬೇಸಿನ್ನಿಗೆ ಮೊದಲು ಮೊಣಕೈ ಅದ್ದಿ ನೋಡಿದೆ.
ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಬೆರಳ ಸಂದಿ ಆರಿಸಿದೆ,
ಬೇರೆ ಯಾರದೋ ಕಾಲನ್ನು ಒರೆಸುವಷ್ಟು ಮರ್ಯಾದೆಯಿಂದ.

ಆಮೇಲೆ ಕನ್ನಡಿ.
ಮೂರು ಬೆರಳು, ಖಾಲಿ ಜಾಗ,
ಹಿಮ್ಮಡಿ ಬೇಸಿಗೆಯ ಕೆರೆಯಂಗಳ.
ಹುಟ್ಟಿದಾಗಿನಿಂದ ಇದನ್ನು ನೆಟ್ಟಗೆ ನೋಡಿರಲಿಲ್ಲ ನಾನು.
ನೀನು ನೋಡುತ್ತಿದ್ದೆಯಾ, ದಿನಾ?

ಗೋಡೆಯಾಚೆ ಯೇಸುಪಾದ ಕೆಮ್ಮುತ್ತಾನೆ,
ಬೀಡಿ ಬಿಟ್ಟಿಲ್ಲ.
ಮಾತ್ರೆ ಆಯ್ತಾ ಅಕ್ಕಾ, ಕೂಗುತ್ತಾನೆ.
ಶನಿವಾರ ಅವನನ್ನು ಎಕ್ಸ್‌ರೇಗೆ ಎಳೆದುಕೊಂಡು ಹೋಗುತ್ತೇನೆ.
ಬಯ್ಯುವುದಿಲ್ಲ.