ಕಣ ಕಟ್ಟದ ತಟ್ಟೆ

ಶಹಾಬಾದಿನ ಫರ್ಸಿ ಕೊಯ್ಯುವ ಓಣಿಯಲ್ಲಿ
ತಿರುಪು ಮುಚ್ಚಳದ ಡಬ್ಬಿ ಹಂಚುತ್ತ ಹೋದೆ.
ಹೆಂಗಸರು ಬಾಯಿಗೆ ಸೆರಗಿಟ್ಟು ನಕ್ಕರು.
ಕಾಶಮ್ಮ ನಗಲಿಲ್ಲ:
"ಹೊಲದಾಂವ ಗೊಬ್ಬರಕ್ಕ ಕೇಳ್ತಾನ, ನೀ ಪರೀಕ್ಷಾಕ್ಕ. ಅಷ್ಟೇ ಅಲ್ಲೇನು?"
ಮರುದಿನ ಮುಂಜಾನೆ ಕೊಟ್ಟಳು,
ಡಬ್ಬಿಯ ಮೈಗೆಲ್ಲ ಕಲ್ಲಿನ ಧೂಳು.

ಎಲ್ಲ ಸರಿಯಿದ್ದರೆ
ಔಷಧದ ಒಂದೊಂದು ಬಿಲ್ಲೆಯ ಸುತ್ತ
ಚಂದ್ರನಿಗೆ ಕಣ ಕಟ್ಟಿದ ಹಾಗೆ ಬಯಲು ಬೀಳಬೇಕು.
ನಲವತ್ತೊಂದನೆಯ ತಟ್ಟೆಯಲ್ಲಿ ಕಣವಿಲ್ಲ.
ಬಿಲ್ಲೆಯ ಅಂಚಿನ ತನಕ ಬೆಳೆ,
ಎಳ್ಳಮಾಸಿಯ ಜೋಳದಂತೆ ಸೊಕ್ಕಿದ ಬೆಳೆ.

"ಏನಾಗ್ಯದ ನನಗ?"
ಏನೂ ಆಗಿಲ್ಲವ್ವ. ಕರುಳಿನಾಗ ಕೆಲವು ಹುಳ ಅವ,
ಗುಳಿಗಿಗೆ ಬಗ್ಗಂಗಿಲ್ಲ. ಸದ್ಯ ಸುಮ್ಮನ ಅವ.
"ಗುಳಿಗಿ ನಾ ನುಂಗೇ ಇಲ್ಲಲ್ಲ."
ಗೊತ್ತು. ನೀರಿನಾಗ ಬಂದಿರಬೇಕು, ಇಲ್ಲ ಕೈಯಿಂದ ಕೈಗೆ,
ಯಾರೋ ಎರಡು ದಿನ ನುಂಗಿ ಬಿಟ್ಟ ಗುಳಿಗಿಯ ಬಾಕಿ.
"ಬಾಡಿಗಿ ಕೊಡದ ಮಂದಿ" ಅಂದಳು.
"ಬಿಡಿಸ್ಲಿಕ್ಕ ಔಷಧ?"
ಇಲ್ಲ.

ಅಷ್ಟರಲ್ಲಿ ಆಚೆಮನೆಯ ಹಲೀಮಾಬಿ ಕೂಗಿದಳು.
ಒಂಬತ್ತು ದಿನದ ಕೂಸಿಗೆ ನೀರು ಕಾದಿತ್ತು;
ಓಣಿಯ ಕೂಸುಗಳಿಗೆಲ್ಲ ಎರೆಯುವವಳು ಕಾಶಮ್ಮ.
ಎದ್ದವಳು ನಿಂತೇಬಿಟ್ಟಳು.
ತನ್ನ ಎರಡೂ ಅಂಗೈಗಳನ್ನು
ಯಾರೋ ಮರೆತು ಹೋದ ಸಾಮಾನಿನಂತೆ ನೋಡಿದಳು.
ಸಾಬೂನು ಕೇಳಿದಳು.
ತೊಳೆದಳು. ಉಗುರಿನ ಸಂದಿ ಕೆರೆದು ಮತ್ತೆ ತೊಳೆದಳು.
ಕೂಸು ಅಳುತ್ತಲೇ ಇತ್ತು.

ನಾನು ಫಾರ್ಮಿನಲ್ಲಿ ಬರೆದೆ: ಆರೋಗ್ಯ, ಉತ್ತಮ.

ನಲವತ್ತೆರಡನೆಯ ಡಬ್ಬಿ ನನ್ನದು.
ಆ ತಟ್ಟೆಯನ್ನು ಶಾಖದ ಪೆಟ್ಟಿಗೆಯಿಂದ
ಇನ್ನೂ ತೆಗೆದಿಲ್ಲ.