ಅಡ್ಡಹೆಸರು

ಬಂದ ವಾರವೇ ಮೀಟರ್ ಓದುವ ಪಟ್ಟಿ ಕೈಗಿಟ್ಟರು.
ಗುಳೇದಗುಡ್ಡ, ನೇಕಾರರ ಓಣಿ:
ಉಳ್ಳಾಗಡ್ಡಿ, ಬೆಲ್ಲದ, ಮೆಣಸಿನಕಾಯಿ, ಉಪ್ಪಿನ, ಎಣ್ಣಿ.
ಸಂತೆಗೆ ಹೊರಟವರ ಚೀಟಿ
ತಪ್ಪಿ ನನಗೆ ಬಂದಿದೆ ಅಂದುಕೊಂಡೆ.
ನಗಬಾರದಿತ್ತು. ನಕ್ಕೆ.
ಗುಮಾಸ್ತ ಕನ್ನಡಕದ ಮೇಲಿಂದ ನೋಡಿ
"ಅವು ಮಂದಿ ಹೆಸರ್ರೀ" ಅಂದ.
"ನಿಮ್ಮದೇನು ಅಡ್ಡಹೆಸರು?"

ನನ್ನದು ಎಚ್. ಎಸ್.
ಎಚ್ ಅಂದರೆ ಊರು, ಎಸ್ ಅಂದರೆ ಅಪ್ಪ,
ಎರಡರ ಮುಂದೂ ಒಂದೊಂದು ಚುಕ್ಕಿ.
ಚಾಮರಾಜನಗರದ ರಾತ್ರಿ ಬಸ್ಸಿಗೆ
ಅಪ್ಪನನ್ನು ಆ ಚುಕ್ಕಿಯೊಳಗೆ ಮಡಚಿಕೊಂಡು ಬಂದವಳು.
ಇಲ್ಲ ಅಂದೆ.
ಬರಿಗಾಲಲ್ಲಿ ಮದುವೆಗೆ ಬಂದವಳನ್ನು ನೋಡಿದಂತೆ ನೋಡಿದ.

ಪ್ರತಿ ಬಾಗಿಲಲ್ಲೂ ಅದೇ.
ಗಾಜಿನ ಧೂಳು ಒರೆಸಿ ಅಂಕಿ ಬರೆಯುವಷ್ಟರಲ್ಲಿ
ಒಳಗೆ ಮಗ್ಗ ನಿಲ್ಲುತ್ತದೆ,
ಪ್ರಶ್ನೆ ಬರುತ್ತದೆ, ಪ್ರಶ್ನೆಯ ಹಿಂದೆ ಚಾ.
ನಮ್ಮ ಕಡೆ ಬೇಡ ಅಂದರೆ ಬೇಡ.
ಇಲ್ಲಿ ಬೇಡ ಅನ್ನುವುದು ಮಾತುಕತೆಯ ಶುರು.
ಮೊದಲ ತಿಂಗಳು ಹನ್ನೊಂದು ಮನೆಯವರು ಮುನಿದರು.
ಎರಡನೇ ತಿಂಗಳು ಹನ್ನೊಂದು ಮನೆಯ ಚಾ ಕುಡಿದು
ರಾತ್ರಿಯಿಡೀ ಫ್ಯಾನಿನ ರೆಕ್ಕೆ ಎಣಿಸಿದೆ.
ಮೂರು. ಪ್ರತಿ ಸಲವೂ ಮೂರೇ.

ಆದರೆ ಆ ಪ್ರಶ್ನೆ.
ಅದರ ಹೊಟ್ಟೆಯಲ್ಲಿ ಇನ್ನೊಂದು ಇದೆಯೆಂದು
ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.
ನಮ್ಮೂರಲ್ಲಿ "ಯಾವ ಬೀದಿ?" ಅನ್ನುತ್ತಾರೆ.
ಬೀದಿ ಹೇಳಿದ ಮೇಲೆ ಲೋಟ ಬದಲಾಗುವುದನ್ನು
ಆರನೇ ವಯಸ್ಸಿನಿಂದ ನೋಡಿದ್ದೇನೆ.
ಇಲ್ಲಿ ಹೇಳಲು ನನ್ನಲ್ಲಿ ಏನೂ ಇಲ್ಲ.
ಬಸಿ ಹಿಡಿದ ಕೈ ಒಂದು ಗಳಿಗೆ ತಡೆಯುತ್ತದೆ,
ಆಮೇಲೆ ಕೊಟ್ಟುಬಿಡುತ್ತದೆ.
ಆ ಒಂದು ಗಳಿಗೆ
ನಾನು ಬರೆದ ಅಂಕಿಯನ್ನೇ ಮತ್ತೆ ಓದುತ್ತಿರುತ್ತೇನೆ.

ಭಾನುವಾರ ಅಪ್ಪನ ಫೋನು. "ಉಂಡ್ಯಾ ಕೂಸು?"
"ಹೂನ್ರಿ, ಊಟ ಆತು."
ಅತ್ತ ಸದ್ದಿಲ್ಲ. ಆಮೇಲೆ,
"ಯಾರವ್ವಾ ಮಾತಾಡ್ತಿರದು? ನನ್ ಮಗಳಿಗ್ ಕೊಡು."
ಇಬ್ಬರೂ ನಕ್ಕೆವು.
ಅಪ್ಪ ಸ್ವಲ್ಪ ಬೇಗ ನಿಲ್ಲಿಸಿದ.

ದಾನವ್ವ ಗೋಣಿಯ ಮೊಮ್ಮಗಳ ಮದುವೆ.
ಮಂಟಪದ ಬಾಗಿಲಿಗೇ ಮೇಜು, ಆಯೇರದ ಪಟ್ಟಿ,
ಬರೆಯುವ ಹುಡುಗ, ಅವನ ಗದ್ದಕ್ಕೆ ತಾಗಿದ ಮೈಕು.
ನಮ್ಮಲ್ಲೂ ಬರೆಯುತ್ತಾರೆ. ಹೀಗೆ ಕೂಗುವುದಿಲ್ಲ.
"ಹೆಸರು?"
"ತಾಯಮ್ಮ."
"ಅಡ್ಡಹೆಸರು?"
ಪೆನ್ನು ಕಾಯಿತು. ಹಿಂದೆ ಸಾಲು.
ತಾಮ್ರದ ಕೊಡ ಹೊತ್ತವನೊಬ್ಬ ಕೆಮ್ಮಿದ.

ಅಡುಗೆ ಕಡೆಯಿಂದ ದಾನವ್ವ, ಕೈಯೆಲ್ಲ ಹೂರಣ:
"ಲೈಟಿನ ಅಂತ ಬರಿಯೋ.
ತಿಂಗಳಾ ಮನೀಗೆ ಬರ್ತಾಳ, ಕಾಣೂದಿಲ್ಲೇನ ನಿನಗ?"
"ಹಂಗ ಹೆಂಗ ಬರೀಲಿ ಆಯಿ?"
"ನಾವು ಗೋಣಿ ಆಗಿದ್ದು ಹೆಂಗ ಅಂತೀ?
ಮುತ್ಯಾನ ಕಾಲಕ್ಕ ಯಾರೋ ಕರದ್ರು. ಓ ಅಂದ್ವಿ."

ಲೈಟಿನ ತಾಯವ್ವ, ನೂರಾ ಒಂದು ರೂಪಾಯಿ.
ಉಣ್ಣುತ್ತಿದ್ದವರು ಯಾರೂ ತಲೆಯೆತ್ತಲಿಲ್ಲ.
ಮೈಕು ಆಗಲೇ ಕೊಡದವನ ಹೆಸರಿಗೆ ಹೋಗಿತ್ತು.

ಎಲೆಯ ಮುಂದೆ ಕೂತು ಲೆಕ್ಕ ಹಾಕಿದೆ.
ಬೀದಿ ಹೋಯಿತು, ಸರಿ, ಹೋಗಲಿ.
ಅಪ್ಪನೂ ಹೋದನಲ್ಲ ಅದರ ಜೊತೆ.
ಒಂದನ್ನು ಬಿಚ್ಚಿ ಇನ್ನೊಂದನ್ನು ಇಟ್ಟುಕೊಳ್ಳಲು
ಯಾವ ಅಕ್ಷರ ಬಿಡುತ್ತದೆ?
ಹೋಳಿಗೆಯ ಮೇಲೆ ಯಾರೋ ತುಪ್ಪ ಸುರಿದರು.
ಬೇಡ ಅಂದೆ. ಮತ್ತೆ ಸುರಿದರು.

ಆ ಪಟ್ಟಿಯನ್ನು ಟ್ರಂಕಿನಲ್ಲಿ ಜೋಪಾನ ಇಡುತ್ತಾರಂತೆ,
ನನ್ನ ಮನೆಯಲ್ಲಿ ಕಾರ್ಯವಾದ ದಿನ ತೆಗೆದು ನೋಡಿ
ಅಷ್ಟನ್ನೇ ತಿರುಗಿಸಲು.
ಬಾಡಿಗೆಯ ಒಂದು ಕೋಣೆ, ಒಂದು ಸ್ಟೋವು.
ಏನು ಕಾರ್ಯ ಮಾಡಲಿ ಅಂತ
ಈಗೀಗ ಸುಮ್ಮನೆ ಯೋಚಿಸುತ್ತೇನೆ.

ಮರುತಿಂಗಳು ಒಂಬತ್ತಕ್ಕೆ ದಾನವ್ವನ ಮೀಟರು:
ಮದುವೆಯ ಸರದೀಪಕ್ಕೆ ಎಂಬತ್ತು ಯೂನಿಟ್ ಹೆಚ್ಚು.
"ಏನ್ರೀ ಲೈಟಿನವರ, ಬಿಲ್ ಭಾಳ ಬಂತಲ್ಲ?
ಇರಲಿ, ಚಾ ಕುಡೀರಿ."
ಬೇಡ, ಅಂದೆ,
ಕಟ್ಟೆಯ ಮೇಲೆ ಕೂತುಕೊಳ್ಳುತ್ತ.